ನಮ್ಮ ಕೇಂದ್ರವನ್ನು ನಾವೇ ಅಳೆಯುವುದು ಹೇಗೆ: ಮಂಡಿಯೂರಿ ಕಲಿತ ಕೆಲವು ಸಂಗತಿಗಳು

ಮೊದಲ ಸಲ ನಮ್ಮ ಶಿಶುಪಾಲನಾ ಕೇಂದ್ರದ ಸ್ವಮೌಲ್ಯಮಾಪನ ಮಾಡಿದಾಗ ಅದನ್ನು ನಲವತ್ತು ನಿಮಿಷದಲ್ಲಿ ಮುಗಿಸಿದ್ದೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಕಚೇರಿಯಲ್ಲಿ ಕುಳಿತು, ಉದ್ದನೆಯ ಪಟ್ಟಿಯೊಂದರ ಪ್ರತಿ ಸಾಲಿನ ಎದುರೂ ಸರಿ ಗುರುತು ಹಾಕುತ್ತಾ ಹೋದೆ. ‘ಶಿಕ್ಷಕಿಯರು ಮಕ್ಕಳೊಂದಿಗೆ ಪ್ರೀತಿಯಿಂದ ಮಾತನಾಡುತ್ತಾರೆ.’ ಸರಿ. ‘ದಿನಚರಿ ಮಕ್ಕಳ ಅಗತ್ಯಕ್ಕೆ ತಕ್ಕಂತಿದೆ.’ ಸರಿ. ‘ಮಕ್ಕಳು ಅನಗತ್ಯವಾಗಿ ಕಾಯಬೇಕಾಗುವುದಿಲ್ಲ.’ ಅದಕ್ಕೂ ಸರಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಕೇಂದ್ರ ಕಟ್ಟಿದವರ ಕಥೆಯೂ ಅದೇ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಹುಡುಕಿದರೆ ಅದರಲ್ಲಿ ಒಂದು ಮಗುವೂ ಸಿಗುವುದಿಲ್ಲ.

ನಾನು ಸುಳ್ಳು ಬರೆದಿರಲಿಲ್ಲ. ನಮ್ಮ ಕೇಂದ್ರ ಹೇಗಿರಬೇಕು ಎಂದು ಮನಸ್ಸಿನಲ್ಲಿತ್ತೋ ಅದನ್ನೇ ಬರೆದಿದ್ದೆ. ಈ ಕೆಲಸದಲ್ಲಿ ಎಲ್ಲರೂ ಜಾರುವ ಜಾಗ ಇದು. ಹಾಗಾಗಿ ಮೊದಲ ನಿಯಮ: ಮಕ್ಕಳಿಲ್ಲದ ಹೊತ್ತಿನಲ್ಲಿ ಒಂದು ಗುರುತನ್ನೂ ಹಾಕಬೇಡಿ. ಹೊಸದಾಗಿ ಕೇಂದ್ರ ನಡೆಸುತ್ತಿರುವವರು ಕೇಳಿದಾಗಲೆಲ್ಲ ನಾನು ಹೇಳುವ ಮಾತುಗಳನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಅಳತೆಗೋಲು

ಹೊಸ ಪಟ್ಟಿ ತಯಾರಿಸುವ ಉತ್ಸಾಹ ಬೇಡ. ಒಳ್ಳೆಯವು ಈಗಾಗಲೇ ಇವೆ. ಅಮೆರಿಕದಲ್ಲಿ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ಹೊರತಂದ, ಪುಟ್ಟ ಮಕ್ಕಳ ಕೇಂದ್ರಗಳ ಗುಣಮಟ್ಟ ಅಳೆಯುವ ಇಸಿಇಆರ್‌ಎಸ್ ಎಂಬ ಮಾಪನವನ್ನು ಮುಂದೆ ಹಲವು ದೇಶಗಳಲ್ಲಿ ಬಳಸಿದರು. ಅದರ ಪರಿಷ್ಕೃತ ಆವೃತ್ತಿಗಳೂ, ಕೂಸುಗಳ ಕೋಣೆಗೆಂದೇ ಮಾಡಿದ ಇನ್ನೊಂದು ಮಾಪನವೂ ಬಂದಿವೆ. ಅದರಲ್ಲಿ 1ರಿಂದ 7ರವರೆಗೆ ಅಂಕ: 1 ಎಂದರೆ ಸಾಲದು, 3 ಎಂದರೆ ಕನಿಷ್ಠ, 5 ಎಂದರೆ ಒಳ್ಳೆಯದು, 7 ಎಂದರೆ ಉತ್ಕೃಷ್ಟ. ನನಗೆ ಹಿಡಿಸಿದ್ದು ಅದರ ಮೆಟ್ಟಿಲಿನ ಲೆಕ್ಕ. ಅಂಶವೊಂದಕ್ಕೆ 5 ಕೊಡಬೇಕಾದರೆ 3ನೆಯ ಹಂತದ ಎಲ್ಲ ಸೂಚಕಗಳೂ ಈಡೇರಿರಬೇಕು. ಗೋಡೆ ತುಂಬ ಸುಂದರ ಚಿತ್ರಗಳಿವೆ ಎಂಬ ಕಾರಣಕ್ಕೆ ಕೈ ತೊಳೆಯುವ ಲೋಪವನ್ನು ಸರಿದೂಗಿಸಲಾಗದು.

ಆಸ್ಟ್ರೇಲಿಯಾ 2012ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಗುಣಮಟ್ಟ ಚೌಕಟ್ಟು ಏಳು ಕ್ಷೇತ್ರಗಳನ್ನು ಹೆಸರಿಸುತ್ತದೆ: ಕಲಿಕೆಯ ಕಾರ್ಯಕ್ರಮ, ಆರೋಗ್ಯ ಮತ್ತು ಸುರಕ್ಷತೆ, ಭೌತಿಕ ಪರಿಸರ, ಸಿಬ್ಬಂದಿ, ಮಕ್ಕಳೊಂದಿಗಿನ ಸಂಬಂಧ, ಕುಟುಂಬ ಮತ್ತು ಸಮುದಾಯದೊಂದಿಗಿನ ಸಹಭಾಗಿತ್ವ, ಆಡಳಿತ. ಏನನ್ನು ನೋಡಬೇಕೆಂದು ತೋಚದಿದ್ದರೆ ಈ ಏಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿ. ಏಳನ್ನೂ ಒಂದೇ ವಾರದಲ್ಲಿ ನೋಡಲು ಹೊರಟವರು ಏಳರಲ್ಲೂ ಏನನ್ನೂ ಕಂಡಿರುವುದಿಲ್ಲ. ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಅಮೆರಿಕ ಸರ್ಕಾರದ ನೆರವಿನಿಂದ ನಡೆಯುವ ಹೆಡ್ ಸ್ಟಾರ್ಟ್ ಕಾರ್ಯಕ್ರಮದ ನಿಯಮಗಳು ವರ್ಷಕ್ಕೊಮ್ಮೆ ಸ್ವಮೌಲ್ಯಮಾಪನ ಆಗಲೇಬೇಕು ಎನ್ನುತ್ತವೆ. ನನ್ನ ರೂಢಿಯಲ್ಲಿ ವರ್ಷದ ದೊಡ್ಡ ಲೆಕ್ಕಕ್ಕಿಂತ ತಿಂಗಳಿಗೊಂದು ಸಣ್ಣ ನೋಟವೇ ಹೆಚ್ಚು ಕೆಲಸಕ್ಕೆ ಬಂದಿದೆ.

ಕೆಲವಕ್ಕೆ ಅಂಕ ಕೊಡುತ್ತಾ ಕೂರಬಾರದು. ವರ್ಷ ತುಂಬದ ಕೂಸು ಬೋರಲಾಗಿ ಮಲಗಿದ್ದರೆ, ತೊಟ್ಟಿಲಲ್ಲಿ ದಿಂಬು, ಮೆತ್ತನೆಯ ಗೊಂಬೆ ಕಂಡರೆ, ಬರೆಯುವ ಮೊದಲು ಎದ್ದು ಸರಿಪಡಿಸಿ. ಕೂಸು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಬೇಕು. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ವ್ಯಾಸ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಇಳಿಯುವ ಯಾವುದೇ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲದು. ಡಯಾಪರ್ ಬದಲಿಸಿದ ಮೇಲೆ ದೊಡ್ಡವರ ಕೈಗೂ ಮಗುವಿನ ಕೈಗೂ ಸೋಪು, ಇಪ್ಪತ್ತು ಸೆಕೆಂಡು ಉಜ್ಜುವುದು. ಇವನ್ನು ಸುಧಾರಣಾ ಯೋಜನೆಯಲ್ಲಿ ‘ಮುಂದಿನ ತ್ರೈಮಾಸಿಕ’ ಎಂದು ಬರೆಯುವವರನ್ನು ನೋಡಿದ್ದೇನೆ. ಕೋಪ ಬರುತ್ತದೆ.

ಎರಡು ಕಾಲಂ, ಒಂದು ಪೆನ್ಸಿಲ್

ಬೇಕಾದ ಸಲಕರಣೆ ಇಷ್ಟೇ: ನೋಟ್‌ಬುಕ್, ಪೆನ್ಸಿಲ್, ಗಡಿಯಾರ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅನಿಸಿದ್ದು’. ಇಪ್ಪತ್ತು ನಿಮಿಷ ಎಡಗಡೆಯನ್ನು ಮಾತ್ರ ತುಂಬಿಸಿ, ಬಲಗಡೆಯದು ಸಂಜೆಗೆ.

ಕೇಳಲು ಸುಲಭ, ಮಾಡಲು ಕಷ್ಟ. ನನ್ನ ಮೊದಲ ಪುಟದ ಎಡಗಡೆಯಲ್ಲಿ ‘ಮಕ್ಕಳು ಖುಷಿಯಾಗಿ ಆಡುತ್ತಿದ್ದಾರೆ’ ಎಂದಿದೆ. ಅದು ಬಲಗಡೆಗೆ ಸೇರಬೇಕಾದ ವಾಕ್ಯ. ಖುಷಿ ನನಗೆ ಕಂಡಿರಲಿಲ್ಲ, ಅನಿಸಿತ್ತು. ಕೆಲವು ವಾರಗಳ ಅಭ್ಯಾಸದ ನಂತರದ ಪುಟ ಹೀಗಿದೆ: ‘10.40. ಮರದ ತುಂಡುಗಳ ಮೂಲೆಯಲ್ಲಿ ನಾಲ್ವರು. ಒಬ್ಬಳ ಗೋಪುರ ಬಿತ್ತು. ಶಿಕ್ಷಕಿಯ ಕಡೆ ತಿರುಗಿ ನೋಡಿದಳು. ಶಿಕ್ಷಕಿ ಬೆನ್ನು ಹಾಕಿ ಕಪಾಟು ಒರೆಸುತ್ತಿದ್ದರು. ಮತ್ತೊಮ್ಮೆ ನೋಡಿದಳು. ತುಂಡುಗಳನ್ನು ಅಲ್ಲೇ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಳು.’ ಇದರಲ್ಲಿ ಯಾರ ಮೇಲೂ ತೀರ್ಪಿಲ್ಲ. ಆದರೆ ಒರೆಸುವ ಕೆಲಸವನ್ನು ಆಟದ ಹೊತ್ತಿನಲ್ಲೇ ಇಟ್ಟಿದ್ದು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಉತ್ತರ: ಕೆಲಸದ ಪಟ್ಟಿ ಬರೆದಿದ್ದ ನಾನು.

ಎಲ್ಲಿ ಕುಳಿತು ನೋಡುತ್ತೀರಿ ಎಂಬುದೂ ಮುಖ್ಯ. ಒಮ್ಮೆ, ಮಕ್ಕಳು ಹೊರಗೆ ಆಡುತ್ತಿದ್ದಾಗ, ಎರಡು ವರ್ಷದವರ ಕೋಣೆಯನ್ನು ಬಾಗಿಲಿನಿಂದ ಕೊನೆಯವರೆಗೆ ಮಂಡಿಯಲ್ಲೇ ದಾಟಿದೆ. ನಾವು ಅಷ್ಟು ಶ್ರದ್ಧೆಯಿಂದ ಅಂಟಿಸಿದ್ದ ಚಿತ್ರಗಳ ಕೆಳಗಿನ ಅಂಚು ಮಾತ್ರ ಕಾಣುತ್ತಿತ್ತು. ನೆಟ್ಟಗೆ ಕಣ್ಣೆದುರಿಗೆ ಇದ್ದದ್ದು ಮೇಜಿನ ಕಾಲುಗಳು, ಒಂದು ಪ್ಲಗ್ ಮುಚ್ಚಳ, ಕಸದ ಬುಟ್ಟಿ. ಪುಸ್ತಕಗಳ ಕಪಾಟಿನ ಮೇಲಿನ ಎರಡು ಹಲಗೆಗಳು ಕೈಗೆ ಸಿಗದಷ್ಟು ಎತ್ತರ. ‘ಮಕ್ಕಳಿಗೆ ಪುಸ್ತಕ ಸುಲಭವಾಗಿ ಸಿಗುತ್ತದೆ’ ಎಂಬ ಸಾಲಿಗೂ ನಾನು ಸರಿ ಗುರುತು ಹಾಕಿದ್ದೆ, ನೆನಪಿರಲಿ.

ನೋಡಲು ಒಳ್ಳೆಯ ಹೊತ್ತನ್ನು ಆರಿಸಬೇಡಿ. ಬೆಳಗಿನ ಹತ್ತು ಗಂಟೆಗೆ, ಎಲ್ಲರೂ ಆಟದಲ್ಲಿ ಮುಳುಗಿರುವಾಗ, ಯಾವ ಕೇಂದ್ರವೂ ಚೆಂದವೇ. ಬಂದಿಳಿಯುವ ಹೊತ್ತು, ಊಟಕ್ಕೆ ಮುಂಚಿನ ಹೊತ್ತು, ನಿದ್ದೆಯಿಂದ ಏಳುವ ಹೊತ್ತು, ಸಂಜೆ ಕೊನೆಯ ಇಬ್ಬರು ಮೂವರು ಮಕ್ಕಳು ಉಳಿದಿರುವ ಹೊತ್ತು: ಇವುಗಳಲ್ಲೇ ನಿಜವಾದ ಬಣ್ಣ ತಿಳಿಯುವುದು.

ಕೈ ತೊಳೆಯುವ ಸಾಲು

ಮೂರು ವರ್ಷದವರ ಗುಂಪಿನಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕಚ್ಚುವುದು ಹೆಚ್ಚಾಗಿತ್ತು. ಸಿಬ್ಬಂದಿಯ ಪ್ರಕಾರ ಕಾರಣ ಒಬ್ಬ ಹುಡುಗ. ಅವನ ಮನೆಯವರನ್ನು ಕರೆದು ಮಾತನಾಡಿದ್ದೂ ಆಗಿತ್ತು. ನಾನು ಘಟನೆಗಳ ದಾಖಲೆ ಪುಸ್ತಕ ತೆಗೆದು, ಯಾರು ಎಂಬುದನ್ನು ಬೆರಳಿನಿಂದ ಮುಚ್ಚಿ, ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಒಂದು ಹಾಳೆಗೆ ಇಳಿಸಿದೆ. ಆ ತಿಂಗಳು ಒಂಬತ್ತು ಘಟನೆಗಳು. ಆರು ನಡೆದದ್ದು ಊಟಕ್ಕೆ ಮುಂಚಿನ ಕಾಲು ಗಂಟೆಯಲ್ಲಿ.

ಮರುದಿನ ಆ ಕಾಲು ಗಂಟೆ ಅಲ್ಲೇ ಕುಳಿತೆ. ಹನ್ನೊಂದು ಮಕ್ಕಳು, ಒಂದು ನಲ್ಲಿ, ಒಂದು ಸಾಲು. ಮೊದಲನೆಯವಳು ಕೈ ಒಡ್ಡಿದ್ದರಿಂದ ಕೊನೆಯವನು ಕೈ ಒರೆಸಿಕೊಳ್ಳುವವರೆಗೆ ಹದಿನಾಲ್ಕು ನಿಮಿಷ. ತೊಳೆದು ಬಂದವರು ಖಾಲಿ ಮೇಜಿನ ಮುಂದೆ ಕೂರಬೇಕು, ತೊಳೆಯದವರು ಗೋಡೆಗೆ ಒರಗಿ ನಿಲ್ಲಬೇಕು. ಒಬ್ಬ ಶಿಕ್ಷಕಿ ನಲ್ಲಿಯ ಹತ್ತಿರ, ಇನ್ನೊಬ್ಬರು ಊಟ ತರಲು ಹೋಗಿದ್ದಾರೆ. ಆರನೆಯ ನಿಮಿಷಕ್ಕೆ ಸಾಲಿನ ಬಾಲದಲ್ಲಿದ್ದ ಹುಡುಗ ತನ್ನ ಅಂಗಿಯ ತೋಳನ್ನು ಜಗಿಯತೊಡಗಿದ. ಎಂಟನೆಯ ನಿಮಿಷಕ್ಕೆ ಮುಂದಿದ್ದವಳ ಜಡೆ ಹಿಡಿದ. ಒಂಬತ್ತಕ್ಕೆ ಅವಳು ತಳ್ಳಿದಳು. ಆಮೇಲಿನದನ್ನು ನಾನು ಬರೆಯಲಿಲ್ಲ, ಎದ್ದು ಹೋಗಿ ನಡುವೆ ನಿಂತೆ. ಹೌದು, ಅವನೇ ಆ ಹುಡುಗ. ಹಸಿದ ಮೂರು ವರ್ಷದ ಮಗುವನ್ನು ದಿನವೂ ಹದಿನಾಲ್ಕು ನಿಮಿಷ ಗೋಡೆಗೆ ನಿಲ್ಲಿಸಿ, ಅದರ ಸ್ವಭಾವದ ಬಗ್ಗೆ ಮನೆಯವರೊಂದಿಗೆ ಚರ್ಚಿಸಿದ್ದೆವು.

ಬದಲಾವಣೆ ಬಹಳ ಸಣ್ಣದು. ಆಟ ಮುಂದುವರಿದಿರುವಾಗಲೇ ಮೂವರು ಮೂವರಾಗಿ ನಲ್ಲಿಗೆ ಕರೆಯುವುದು; ತೊಳೆದವರು ತಟ್ಟೆ, ಲೋಟ ಜೋಡಿಸುವುದು; ಊಟ ಮೇಜಿಗೆ ಬಂದಾಗ ಕೊನೆಯ ಮೂವರು ಬಂದು ಸೇರುವುದು. ತೊಳೆಯುವುದಕ್ಕೆ ಹಿಡಿಯುವ ಒಟ್ಟು ಸಮಯ ಹೆಚ್ಚು ಕಡಿಮೆ ಅಷ್ಟೇ ಉಳಿಯಿತು. ಒಂದು ಮಗು ಸುಮ್ಮನೆ ಕಾಯುವ ಸಮಯ ಎರಡು ಮೂರು ನಿಮಿಷಕ್ಕೆ ಇಳಿಯಿತು. ಮುಂದಿನ ತಿಂಗಳು ಆ ಹೊತ್ತಿನಲ್ಲಿ ಕಚ್ಚಿದ್ದು ಒಂದೇ ಸಲ, ಅದೂ ಬೇರೆ ಮಗು.

ಮಾತನ್ನು ಎಣಿಸುವುದು

ನಮ್ಮ ಶಿಕ್ಷಕಿಯರು ಮಕ್ಕಳೊಂದಿಗೆ ತುಂಬಾ ಮಾತನಾಡುತ್ತಾರೆ. ಏನನ್ನು ಮಾತನಾಡುತ್ತಾರೆ ಎಂಬುದಕ್ಕೆ ನಾಲ್ಕು ಗೆರೆಯ ಲೆಕ್ಕ ಸಾಕು. ಹಾಳೆಯಲ್ಲಿ ನಾಲ್ಕು ಮನೆ ಮಾಡಿ: ಅಪ್ಪಣೆ (‘ಕುಳಿತುಕೋ’, ‘ಬೇಗ ಮುಗಿಸು’), ಒಂದೇ ಉತ್ತರದ ಪ್ರಶ್ನೆ (‘ಇದು ಯಾವ ಬಣ್ಣ?’), ತೆರೆದ ಪ್ರಶ್ನೆ (‘ಇದನ್ನು ಹೇಗೆ ಮಾಡಿದೆ?’), ಮಗುವಿನ ಮಾತನ್ನು ಹಿಡಿದು ಮುಂದುವರಿಸಿದ್ದು. ಹದಿನೈದು ನಿಮಿಷ, ಪ್ರತಿ ಮಾತಿಗೂ ಒಂದು ಗೆರೆ.

ಬೇರೆಯವರ ಮೇಲೆ ಪ್ರಯೋಗಿಸುವ ಮೊದಲು ನನ್ನನ್ನೇ ಎಣಿಸುವಂತೆ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಅಪ್ಪಣೆ 31, ಒಂದೇ ಉತ್ತರದ ಪ್ರಶ್ನೆ 12, ತೆರೆದ ಪ್ರಶ್ನೆ 2, ಮುಂದುವರಿಸಿದ್ದು 3. ಅವರು ಹಾಳೆ ಕೊಟ್ಟು ಮೆಲ್ಲಗೆ ಹೊರಗೆ ಹೋದರು. ಆ ಎರಡು ತೆರೆದ ಪ್ರಶ್ನೆಗಳಲ್ಲೂ ಒಂದಕ್ಕೆ ನಾನೇ ಉತ್ತರ ಹೇಳಿಬಿಟ್ಟಿದ್ದೆನಂತೆ.

ಇದು ನನ್ನೊಬ್ಬಳ ರೋಗವಲ್ಲ ಎಂಬುದು ಆಮೇಲೆ ತಿಳಿಯಿತು. ಶಾಲೆಯ ವಿಜ್ಞಾನ ತರಗತಿಗಳಲ್ಲಿ ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಅಳೆದಿದ್ದರು. ಸಾಮಾನ್ಯವಾಗಿ ಒಂದು ಸೆಕೆಂಡಿನ ಆಸುಪಾಸು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿ ತೆರೆದರು. ನಮ್ಮವರು ಇನ್ನೂ ಚಿಕ್ಕವರು, ಮಾತು ಹುಡುಕಿಕೊಂಡು ಬರಲು ಅವರಿಗೆ ಇನ್ನಷ್ಟು ಹೊತ್ತು ಬೇಕು. ನಾನು ಈಗ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಮೊದಮೊದಲು ಅದು ಯುಗದಷ್ಟು ಉದ್ದ ಎನಿಸುತ್ತಿತ್ತು.

ಇಬ್ಬರು ಒಂದೇ ಹೊತ್ತನ್ನು ನೋಡಿ, ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ ಅಂಕ ಕೊಡುವುದು ಇನ್ನೂ ಒಳ್ಳೆಯದು. ಒಂದು ಅಂಕದ ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. ಎರಡಕ್ಕಿಂತ ಹೆಚ್ಚಿದ್ದರೆ ಸರಾಸರಿ ತೆಗೆಯಬೇಡಿ, ಇಬ್ಬರೂ ಏನು ನೋಡಿ ಆ ಅಂಕ ಕೊಟ್ಟಿರಿ ಎಂದು ಕೇಳಿಕೊಳ್ಳಿ. ಆ ಹತ್ತು ನಿಮಿಷದ ಜಗಳದಲ್ಲಿ ಸಿಗುವಷ್ಟು ತಿಳಿವಳಿಕೆ ಅಂಕದಲ್ಲಿ ಎಂದೂ ಸಿಕ್ಕಿಲ್ಲ.

ನೆನಪಿಗೆ ಬಾರದ ಮಗು

ಸಂಜೆ, ಹಾಜರಿ ಪುಸ್ತಕ ಮುಚ್ಚಿಟ್ಟು, ಗುಂಪಿನ ಎಲ್ಲ ಮಕ್ಕಳ ಹೆಸರನ್ನೂ ನೆನಪಿನಿಂದ ಬರೆಯಿರಿ. ಪ್ರತಿ ಹೆಸರಿನ ಮುಂದೆ, ಇವತ್ತು ಆ ಮಗು ಹೇಳಿದ ಅಥವಾ ಮಾಡಿದ ಒಂದು ಸಂಗತಿ. ಮೊದಲ ಐದು ಹೆಸರುಗಳು ಸರಸರನೆ ಬರುತ್ತವೆ: ಅಳುವವರು, ಓಡುವವರು, ಕಥೆ ಹೇಳುವವರು. ಆಮೇಲೆ ಪೆನ್ಸಿಲ್ ನಿಲ್ಲುತ್ತದೆ. ನನ್ನ ಪಟ್ಟಿಯಲ್ಲಿ ಹತ್ತೇ ಹೆಸರಾಯಿತು. ಹನ್ನೊಂದನೆಯದು ಯಾರು ಎಂದು ಪುಸ್ತಕ ತೆರೆದು ನೋಡಬೇಕಾಯಿತು.

ಮರುದಿನ ಅವಳನ್ನೇ ಎರಡು ಗಂಟೆ ಗಮನಿಸಿದೆ. ಯಾವ ತೊಂದರೆಯನ್ನೂ ಕೊಡದ ಮಗು. ಆ ಎರಡು ಗಂಟೆಯಲ್ಲಿ ದೊಡ್ಡವರು ಅವಳನ್ನು ಮಾತನಾಡಿಸಿದ್ದು ಐದು ಸಲ, ನಾಲ್ಕು ಅಪ್ಪಣೆಗಳು, ಒಂದು ಶಹಬ್ಬಾಸ್. ಯಾವ ಪಟ್ಟಿಯ ಯಾವ ಸಾಲಿನಲ್ಲೂ ಈ ಮಗು ಸಿಗುತ್ತಿರಲಿಲ್ಲ, ಸರಾಸರಿಯಲ್ಲಿ ಕರಗಿಹೋಗುತ್ತಿದ್ದಳು. ಈ ಒಂದು ಅಭ್ಯಾಸವನ್ನು ಬೇರೆಲ್ಲ ಬಿಟ್ಟರೂ ಬಿಡಬೇಡಿ ಎನ್ನುತ್ತೇನೆ.

ಪೋಷಕರನ್ನು ಕೇಳುವುದೂ ಒಂದು ಕಲೆ. ‘ನಮ್ಮ ಕೇಂದ್ರ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ; ದಿನವಿಡೀ ಮಗುವನ್ನು ನಿಮ್ಮ ಕೈಯಲ್ಲಿ ಬಿಡುವವರು ಇನ್ನೇನು ಹೇಳಿಯಾರು? ‘ಬಾಗಿಲಲ್ಲಿ ಬಿಟ್ಟು ಹೋಗುವ ಎರಡು ನಿಮಿಷದಲ್ಲಿ ನಿಮಗೆ ಏನು ಕಾಣುತ್ತದೆ?’ ಎಂದು ಕೇಳಿ. ಅದಕ್ಕಿಂತ ಒಳ್ಳೆಯದು: ‘ಮನೆಯಲ್ಲಿ ಮಗು ನಮ್ಮ ಆಟ ಆಡುತ್ತದೆಯೇ?’ ಒಬ್ಬ ತಾಯಿ ನಗುತ್ತಾ ಹೇಳಿದರು, ಮಗಳು ಗೊಂಬೆಗಳನ್ನೆಲ್ಲ ಸಾಲಾಗಿ ಕೂರಿಸಿ, ಸೊಂಟಕ್ಕೆ ಕೈಯಿಟ್ಟು, ‘ಬೇಗ, ಬೇಗ, ಬೇಗ!’ ಎನ್ನುತ್ತಾಳಂತೆ. ಅವರು ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. 31 ಅಪ್ಪಣೆಗಳ ಆ ಹಾಳೆ ಕಣ್ಣ ಮುಂದೆ ಬಂತು.

ಸಭೆಯಲ್ಲಿ ನಾನು ಮಾಡಿದ ತಪ್ಪು

ಎರಡನೆಯ ವರ್ಷ, ಕಂಡದ್ದನ್ನೆಲ್ಲ ನಿಷ್ಠೆಯಿಂದ ಬರೆದುಕೊಂಡು, ಸಿಬ್ಬಂದಿ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಹೆಸರು ಹೇಳಲಿಲ್ಲ, ‘ಒಬ್ಬ ಶಿಕ್ಷಕಿ’ ಎಂದೆ. ಕೇಂದ್ರದಲ್ಲಿ ಇದ್ದದ್ದೇ ಆರು ಜನ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಳ್ಳುವವರು ಕಳ್ಳರೇ ಆಗಿರಬೇಕಿಲ್ಲ ಎಂದು ಅವತ್ತು ಗೊತ್ತಾಯಿತು. ಆರೂ ಮಂದಿ ಮುಟ್ಟಿಕೊಂಡರು. ಕಿರಿಯ ಸಹಾಯಕಿಯೊಬ್ಬರು ಮಾರನೆಯ ದಿನ ಬರಲಿಲ್ಲ, ಆಮೇಲೆ ಬಂದರೂ ನಾನು ಕೋಣೆಗೆ ಕಾಲಿಟ್ಟರೆ ಅವರ ದನಿ ಬದಲಾಗುತ್ತಿತ್ತು. ಎಷ್ಟೋ ತಿಂಗಳು ನನಗೆ ನಿಜವಾದ ಕೇಂದ್ರ ಕಾಣಲೇ ಇಲ್ಲ, ನನಗಾಗಿ ಸಿಂಗರಿಸಿದ ಕೇಂದ್ರ ಕಂಡಿತು.

ಈಗ ಕ್ರಮ ಬೇರೆ. ಪ್ರತಿಯೊಬ್ಬರೂ ಮೊದಲು ತಮ್ಮದೇ ಕೋಣೆಯನ್ನು ತಾವೇ ನೋಡುತ್ತಾರೆ, ಅವರ ಪಾಳಿಯನ್ನು ಆ ಇಪ್ಪತ್ತು ನಿಮಿಷ ನಾನು ನಿಭಾಯಿಸುತ್ತೇನೆ. ಅವರ ನೋಟ್‌ಬುಕ್ ಅವರದೇ, ನಾನು ಕೇಳುವುದಿಲ್ಲ. ಸಭೆಗೆ ಒಂದೇ ಪ್ರಶ್ನೆ: ‘ಯಾವ ಹೊತ್ತು ನಿಮಗೆ ಕಷ್ಟವಾಗುತ್ತಿದೆ, ಆ ಹೊತ್ತಿನ ಏರ್ಪಾಟಿನಲ್ಲಿ ಏನನ್ನು ಬದಲಿಸಬಹುದು?’ ಸಂಬಳ ಏರಿಕೆಗೂ ಈ ಟಿಪ್ಪಣಿಗಳಿಗೂ ಯಾವ ಸಂಬಂಧವೂ ಇಲ್ಲ ಎಂದು ಬರವಣಿಗೆಯಲ್ಲೇ ಕೊಟ್ಟಿದ್ದೇನೆ. ನಾಲ್ಕು ಕೂಸುಗಳಿಗೆ ಒಬ್ಬರಿರಬೇಕಾದ ಕಡೆ ಏಳಕ್ಕೆ ಒಬ್ಬರನ್ನು ನಿಲ್ಲಿಸಿ, ಮಗುವಿನೊಂದಿಗೆ ಹೆಚ್ಚು ಮಾತನಾಡಿ ಎಂದು ಬುದ್ಧಿ ಹೇಳುವ ಆಡಳಿತಗಳಿವೆ. ಅಂಥಲ್ಲಿ ಮೊದಲು ಅಳೆಯಬೇಕಾದದ್ದು ಆಡಳಿತವನ್ನು.

ಯೋಜನೆ ಎಂಬ ಹಾಳೆ

ನನ್ನ ಮೊದಲ ಸುಧಾರಣಾ ಯೋಜನೆಯಲ್ಲಿ 23 ಗುರಿಗಳಿದ್ದವು. ವರ್ಷದ ಕೊನೆಗೆ ಎರಡು ಈಡೇರಿದ್ದವು, ಎರಡೂ ಸಾಮಾನು ಕೊಳ್ಳುವ ಗುರಿಗಳು. ಕೊಳ್ಳುವುದು ಸುಲಭ, ಹಾಗಾಗಿ ಯೋಜನೆಗಳು ತಾವಾಗಿ ಅಂಗಡಿಯ ಕಡೆ ವಾಲುತ್ತವೆ. ಈಗ ಒಂದು ಸಲಕ್ಕೆ ಒಂದೇ ಗುರಿ, ನಾಲ್ಕು ವಾರ, ಜವಾಬ್ದಾರಿ ಹೊತ್ತವರ ಹೆಸರು, ಬದಲಾದರೆ ಕಣ್ಣಿಗೆ ಏನು ಕಾಣಬೇಕು ಎಂಬ ಒಂದು ವಾಕ್ಯ. ‘ಸಂವಾದದ ಗುಣಮಟ್ಟ ಹೆಚ್ಚಿಸುವುದು’ ಎಂದು ಬರೆದರೆ ಹಾಳೆ ಹರಿದುಹಾಕಿ. ‘ಊಟದ ಹೊತ್ತಿನಲ್ಲಿ ಪ್ರತಿ ಮೇಜಿನಲ್ಲೂ ದೊಡ್ಡವರೊಬ್ಬರು ಮಕ್ಕಳ ಜೊತೆ ಕುಳಿತಿರುತ್ತಾರೆ’ ಎಂದು ಬರೆದರೆ, ಬಾಗಿಲಲ್ಲಿ ನಿಂತವರಿಗೂ ಆಗಿದೆಯೋ ಇಲ್ಲವೋ ತಿಳಿಯುತ್ತದೆ. ನಾಲ್ಕು ವಾರ ಕಳೆದ ಮೇಲೆ ಅದೇ ಹೊತ್ತಿನಲ್ಲಿ, ಅದೇ ರೀತಿಯಲ್ಲಿ ಮತ್ತೆ ಎಣಿಸಿ. ಬೇರೆ ಹೊತ್ತಿನಲ್ಲಿ ಎಣಿಸಿ ಸುಧಾರಣೆ ತೋರಿಸುವ ಜಾಣತನ ನನಗೂ ಗೊತ್ತು, ಒಮ್ಮೆ ಮಾಡಿಯೂ ಇದ್ದೇನೆ.

ಕೆಲವೊಮ್ಮೆ ಬದಲಾವಣೆ ಫಲಿಸುವುದಿಲ್ಲ. ಊಟದ ಮೇಜಿಗೆ ದೊಡ್ಡವರನ್ನು ಕೂರಿಸಿದ ನಾಲ್ಕು ವಾರದ ನಂತರ ಎಣಿಸಿದಾಗ ಅಪ್ಪಣೆಗಳು ಜಾಸ್ತಿಯಾಗಿದ್ದವು. ಹತ್ತಿರ ಕುಳಿತಷ್ಟೂ ‘ಚೆಲ್ಲಬೇಡ’ ಹೆಚ್ಚಿತ್ತು. ಅದನ್ನೂ ಹಾಗೆಯೇ ಬರೆದು, ಮಕ್ಕಳ ಕೈಗೆ ಹಿಡಿಯಲು ಬರುವ ಸಣ್ಣ ಜಗ್ಗು, ಪ್ರತಿ ಮೇಜಿಗೂ ಒಂದು ಒರೆಸುವ ಬಟ್ಟೆ ಇಟ್ಟೆವು. ಚೆಲ್ಲಿದವರೇ ಒರೆಸುತ್ತಾರೆ. ಅದರ ಲೆಕ್ಕ ಇನ್ನೂ ಎರಡು ವಾರ ಬಿಟ್ಟು ತೆಗೆಯಬೇಕು. ಅಷ್ಟರಲ್ಲಿ ನಿದ್ದೆಯಿಂದ ಏಳುವ ಹೊತ್ತನ್ನು ನೋಡಲು ಕಿರಿಯ ಸಹಾಯಕಿ ತಾವಾಗಿ ಹೆಸರು ಕೊಟ್ಟಿದ್ದಾರೆ. ಆ ದಿನ ಮಧ್ಯಾಹ್ನ ಅವರ ಪಾಳಿ ನನ್ನದು.